ಮೈಸೂರಿನ ಅರಸ, ಲಂಡನ್ನಿನ ಪಿಯಾನೊ

ಸುಳ್ಯ–ಪುತ್ತೂರು ಕಡೆಯ ಯಕ್ಷಗಾನದಲ್ಲಿ ಆಟ ಶುರುವಾಗುವ ಮೊದಲು ಹಿಮ್ಮೇಳದವರ ನಡುವೆ ಒಂದು ಪ್ರಶ್ನೆ ಇದ್ದದ್ದೇ: ಇವತ್ತು ಭಾಗವತರದು ಯಾವ ಶ್ರುತಿ? ‘ಕಪ್ಪು ಎರಡು’, ‘ಕಪ್ಪು ಮೂರು’, ‘ಬಿಳಿ ನಾಲ್ಕು’ ಎಂದು ಉತ್ತರ ಬರುತ್ತದೆ. ಮದ್ದಳೆಯವರು ಅದಕ್ಕೆ ಶ್ರುತಿ ಸೇರಿಸಿಕೊಳ್ಳುತ್ತಾರೆ. ಕಪ್ಪು ಬಿಳಿಯ ಈ ಎಣಿಕೆ ಹಾರ್ಮೋನಿಯಂನ ಕೀಗಳದ್ದು. ಹಾರ್ಮೋನಿಯಂಗೆ ಆ ಸಾಲು ಬಂದದ್ದು ಯುರೋಪಿನ ಕೀಲಿಮಣೆ ವಾದ್ಯಗಳಿಂದ. ಪಿಯಾನೊದಲ್ಲೂ ಅದೇ ಸಾಲು, ಅದೇ ಕ್ರಮ. ಪಿಯಾನೊವನ್ನು ಹತ್ತಿರದಿಂದ ಕಂಡಿರದ ಜಾಲ್ಸೂರಿನ ಯಕ್ಷಗಾನ ಪ್ರೇಮಿಯನ್ನೂ ಅದರ ಮುಂದೆ ಕೂರಿಸಿದರೆ ‘ಕಪ್ಪು ಎರಡು’ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿಯಾರು.

ಜಾಲ್ಸೂರಿನ ಮೇಲೆ ಹಾದುಹೋಗುವ ಮಾಣಿ–ಮೈಸೂರು ಹೆದ್ದಾರಿ ಕೊನೆಗೆ ಮುಟ್ಟುವ ಊರಿನಲ್ಲಿ, ಆ ಕೀಲಿಮಣೆಯ ಮುಂದೆಯೇ ಬದುಕು ಕಳೆಯಬೇಕೆಂದು ಆಸೆಪಟ್ಟ ರಾಜಕುಮಾರರೊಬ್ಬರಿದ್ದರು. ಕನ್ಸರ್ಟ್ ಪಿಯಾನೊ ವಾದಕರಾಗಬೇಕೆಂಬುದು ಅವರ ಹಂಬಲ. ಅದು ಕೈಗೂಡಲಿಲ್ಲ. ಇಪ್ಪತ್ತೊಂದನೇ ವಯಸ್ಸಿಗೆ ಸಿಂಹಾಸನ ಏರಬೇಕಾಯಿತು. ಆ ಅರಸ ಜಯಚಾಮರಾಜೇಂದ್ರ ಒಡೆಯರ್. ತಾವು ವೇದಿಕೆ ಏರಲಾಗದಿದ್ದರೂ, ಲಂಡನ್ನಿನ ಮನೆಯೊಂದರಲ್ಲಿ ಕಾಯಿಲೆಯಿಂದ ಕುಗ್ಗಿದ್ದ ರಷ್ಯದ ಒಬ್ಬ ದೊಡ್ಡ ಪಿಯಾನೊ ವಾದಕನ ಕೈ ಜಗತ್ತಿಗೆ ಕೇಳಿಸುವಂತೆ ಅವರು ಮಾಡಿದರು. ಆ ವಾದಕ ನಿಕೊಲಾಯ್ ಮೆಟ್ನರ್. ಪಾಶ್ಚಾತ್ಯ ಸಂಗೀತದ ಚರಿತ್ರೆ ಬರೆಯುವವರು ಈ ಸಂಗತಿಯನ್ನು ಇವತ್ತಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಕನ್ನಡದಲ್ಲಿ ಅದನ್ನು ಇನ್ನೂ ಎಷ್ಟೋ ಹೆಚ್ಚು ಹೇಳಬೇಕಾಗಿದೆ.

ನಮ್ಮ ಸೀಮೆಗೂ ಈ ಅರಸರಿಗೂ ಇರುವ ನಂಟು ಕೊಂಚ ವಿಚಿತ್ರ. ಅವರು ಅರಸರಾಗಿದ್ದಾಗ ಇದು ಅವರ ರಾಜ್ಯವಲ್ಲ. ಪುತ್ತೂರು, ಸುಳ್ಯ ಎಲ್ಲ ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿದ್ದವು. ಸಂಪಾಜೆಯಿಂದಾಚೆ ಕೊಡಗಿನದು ಬೇರೆಯೇ ಆಡಳಿತ, ಅದನ್ನೂ ದಾಟಿದ ಮೇಲೆ ಮೈಸೂರು. 1956ರ ನವೆಂಬರ್ 1ರಂದು ಕನ್ನಡ ಸೀಮೆಗಳು ಒಂದಾದಾಗ ಹೊಸ ಮೈಸೂರು ರಾಜ್ಯದ ಮೊದಲ ರಾಜ್ಯಪಾಲರಾದವರು ಜಯಚಾಮರಾಜೇಂದ್ರರೇ. ಜಾಲ್ಸೂರಿನಲ್ಲಿ ಕವಲೊಡೆದು ಚೆರ್ಕಳಕ್ಕೆ ಇಳಿಯುವ ರಸ್ತೆಯ ಆಚೆಗಿನ ಕಾಸರಗೋಡು ಕೇರಳಕ್ಕೆ ಹೋಯಿತು, ಈಚೆಗಿನ ಊರುಗಳು ಅವರ ರಾಜ್ಯಪಾಲಗಿರಿಗೆ ಬಂದವು. ಕಿರೀಟ ಕಳಚಿದ ಮೇಲೆ ಅವರು ನಮ್ಮವರಾದರು.

ಪಿಯಾನೊ ಎಂಥ ವಾದ್ಯ ಎಂಬುದನ್ನು ಸ್ವಲ್ಪ ನೋಡಿಕೊಂಡು ಮುಂದೆ ಹೋಗೋಣ, ಇಲ್ಲದಿದ್ದರೆ ಆ ಹಂಬಲದ ತೂಕ ತಿಳಿಯುವುದಿಲ್ಲ. ಹಾರ್ಮೋನಿಯಂನಲ್ಲಿ ನಾದ ಹುಟ್ಟುವುದು ಗಾಳಿಯಿಂದ. ತಿದಿ ಒತ್ತಿದಂತೆ ಗಾಳಿ ಲೋಹದ ಸಣ್ಣ ನಾಲಿಗೆಗಳನ್ನು ಅಲುಗಿಸುತ್ತದೆ. ಕೀಯನ್ನು ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ಸದ್ದು ಒಂದೇ. ಪಿಯಾನೊ ತಂತಿವಾದ್ಯ. ಅದರ 88 ಕೀಗಳಲ್ಲಿ ಯಾವುದನ್ನು ಒತ್ತಿದರೂ ಉಣ್ಣೆಯ ಫೆಲ್ಟ್ ಸುತ್ತಿದ ಪುಟ್ಟ ಸುತ್ತಿಗೆಯೊಂದು ಮೇಲೆದ್ದು ತಂತಿಗೆ ಬಡಿದು ತಕ್ಷಣ ಹಿಂದೆ ಬೀಳುತ್ತದೆ. ಒಳಗೆ ಸುಮಾರು 230 ತಂತಿಗಳಿರುತ್ತವೆ. ಅವೆಲ್ಲದರ ಬಿಗಿತ ಸೇರಿದರೆ ಹದಿನೆಂಟು–ಇಪ್ಪತ್ತು ಟನ್ನಿನಷ್ಟಾಗುತ್ತದೆ. ಅದನ್ನು ತಾಳಿಕೊಳ್ಳಲು ಎರಕದ ಕಬ್ಬಿಣದ ಚೌಕಟ್ಟೇ ಬೇಕು. ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬಾತ 1700ರ ಸುಮಾರಿಗೆ ಈ ಸುತ್ತಿಗೆಯ ಉಪಾಯ ಕಂಡುಹಿಡಿದ. ಅಂದಿನಿಂದ ಪ್ರತಿ ಸ್ವರದ ಮೆಲುದನಿ, ಬಿರುದನಿ ವಾದಕನ ಬೆರಳಿಗೆ ಬಂತು. ಹತ್ತು ಬೆರಳಿನಿಂದ ಏಕಕಾಲಕ್ಕೆ ಮೂರ್ನಾಲ್ಕು ಎಳೆಗಳನ್ನು ಬೇರೆ ಬೇರೆ ಬಲದಲ್ಲಿ ನುಡಿಸಬಹುದು. ಆದರೆ ನಮ್ಮ ಸಂಗೀತದ ಜೀವವಾದ ಗಮಕ ಅದರಲ್ಲಿ ಬರುವುದಿಲ್ಲ, ಸ್ವರದಿಂದ ಸ್ವರಕ್ಕೆ ಜಾರುವುದಕ್ಕೆ ದಾರಿಯೇ ಇಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಇಂಥ ಮರ, ಫೆಲ್ಟು, ತಂತಿಯ ವಾದ್ಯವನ್ನು ಶ್ರುತಿಯಲ್ಲಿ ಇಟ್ಟುಕೊಳ್ಳುವುದೇ ಕಷ್ಟ. ಮೈಸೂರಿನ ಹವೆ ಅದಕ್ಕೆ ಹೆಚ್ಚು ಒಗ್ಗುತ್ತದೆ.

ಮೈಸೂರಿನ ಅರಮನೆಗೆ ಪಿಯಾನೊ ಹೊಸದಾಗಿರಲಿಲ್ಲ. ವೀಣೆಯ ಚಕ್ರವರ್ತಿ ಎನಿಸಿದ ಶೇಷಣ್ಣನವರಿಗೆ ಅದನ್ನು ನುಡಿಸುವುದು ಗೊತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆ, ಪಿಟೀಲು, ಕೊಳಲು, ಮೃದಂಗಗಳ ಜೊತೆಗೆ ಪಿಯಾನೊವನ್ನೂ ಬಲ್ಲವರಾಗಿದ್ದರು. ಅವರ ಕಾಲದ ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ಆಟೊ ಸ್ಮಿತ್ ಎಂಬ ಜರ್ಮನ್ ಸಂಗೀತಗಾರ ನಡೆಸುತ್ತಿದ್ದ. ಕರ್ನಾಟಕ ಸಂಗೀತದ ವಿದ್ವಾಂಸರು ಪಾಶ್ಚಾತ್ಯ ಸ್ವರಲಿಪಿ ಓದುವುದು, ವಾದ್ಯವೃಂದದವರು ನಮ್ಮ ಕೃತಿಗಳನ್ನು ನುಡಿಸುವುದು ಅಲ್ಲಿ ದಿನನಿತ್ಯದ ಮಾತು. ದಸರೆಯಲ್ಲಿ ಅರಮನೆಯ ಮುಂದೆ ಇಂದಿಗೂ ನುಡಿಸುವ ಪೊಲೀಸ್ ಬ್ಯಾಂಡ್ ಆ ಪರಂಪರೆಯ ಕುಡಿ.

ಇಂಥ ಮನೆಯಲ್ಲಿ 1919ರ ಜುಲೈ 18ರಂದು ಜಯಚಾಮರಾಜೇಂದ್ರ ಹುಟ್ಟಿದರು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ದೊಡ್ಡಪ್ಪ ನಾಲ್ವಡಿಯವರು. ಮನೆಯ ಮಕ್ಕಳಿಗೆ ವೀಣೆ, ಪಿಯಾನೊ ಎರಡರ ಪಾಠವೂ ಆಗುತ್ತಿತ್ತು. ತಂಗಿ ವಿಜಯಾದೇವಿ ವೀಣೆ ವೆಂಕಟಗಿರಿಯಪ್ಪನವರ ಶಿಷ್ಯೆ. ಮುಂದೆ ನ್ಯೂಯಾರ್ಕಿನಲ್ಲಿ ಎಡ್ವರ್ಡ್ ಸ್ಟೊಯರ್ಮನ್ ಎಂಬ ಹೆಸರಾಂತ ಗುರುವಿನ ಬಳಿ ಪಿಯಾನೊ ಕಲಿತು ಬಂದವರೂ ಅವರೇ. ಬೆಂಗಳೂರಿನ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಕಟ್ಟಿದ ಅವರ ಬಗೆಗೂ ಪ್ರತ್ಯೇಕವಾಗಿ ಬರೆಯುವಷ್ಟಿದೆ.

ಅಣ್ಣ 1938ರಲ್ಲಿ ಮಹಾರಾಜ ಕಾಲೇಜಿನಿಂದ ಪದವಿ ಪಡೆದರು, 1939ರಲ್ಲಿ ಯುರೋಪು ಸುತ್ತಿ ಬಂದರು. ಮರುವರ್ಷ ಎಲ್ಲವೂ ಬದಲಾಯಿತು. 1940ರ ಮಾರ್ಚ್‌ನಲ್ಲಿ ತಂದೆ ತೀರಿಕೊಂಡರು. ಆಗಸ್ಟ್ 3ರಂದು ನಾಲ್ವಡಿಯವರು ಹೋದರು. ಸೆಪ್ಟೆಂಬರ್ 8ಕ್ಕೆ ಪಟ್ಟಾಭಿಷೇಕ. ಆರು ತಿಂಗಳಲ್ಲಿ ಎರಡು ಸಾವು, ಒಂದು ಸಿಂಹಾಸನ.

ಕನ್ಸರ್ಟ್ ಪಿಯಾನೊ ವಾದಕರ ಬದುಕು ರಾಜ್ಯವಾಳುವವರಿಗೆ ಹೊಂದುವಂಥದ್ದಲ್ಲ. ಎಳವೆಯಿಂದ ದಿನಕ್ಕೆ ಐದಾರು ಗಂಟೆಯ ಸಾಧಕ, ಒಂದೂವರೆ ಗಂಟೆಯ ಕಛೇರಿಯ ಪ್ರತಿ ಸ್ವರವೂ ಕಂಠಸ್ಥ, ವರ್ಷದ ಬಹುಪಾಲು ಊರೂರು ಅಲೆತ. ಸಿಂಹಾಸನದ ಮೇಲಿದ್ದವರು ಅದನ್ನು ನಡೆಸಲಾರರು. ಅರಸರಾದ ಮೇಲೂ ಕಲಿಕೆ ಬಿಡಲಿಲ್ಲ ಎಂಬುದೇ ದೊಡ್ಡದು. ಲಂಡನ್ನಿನ ಗಿಲ್ಡ್‌ಹಾಲ್ ಸ್ಕೂಲ್ ಆಫ್ ಮ್ಯೂಸಿಕ್‌ನ ಲೈಸೆನ್ಷಿಯೇಟ್ ಅವರಿಗಿತ್ತು. 1945ರಲ್ಲಿ ಟ್ರಿನಿಟಿ ಕಾಲೇಜು ಗೌರವ ಫೆಲೊ ಮಾಡಿಕೊಂಡಿತು. ವೇದಿಕೆಯ ಬಾಗಿಲು ಮುಚ್ಚಿಹೋಗಿತ್ತು, ಕೇಳುವ ಕಿವಿ ಮಾತ್ರ ತೆರೆದೇ ಇತ್ತು. ಆ ಕಿವಿಗೆ ಬಿದ್ದವನು ಮೆಟ್ನರ್.

ಮೆಟ್ನರ್ ಹುಟ್ಟಿದ್ದು ಮಾಸ್ಕೋದಲ್ಲಿ, 1880ರ ಜನವರಿ 5ರಂದು. ಹಳೆಯ ರಷ್ಯನ್ ಪಂಚಾಂಗದ ಪ್ರಕಾರ 1879ರ ಕ್ರಿಸ್ಮಸ್‌ನ ಹಿಂದಿನ ದಿನ. ತಾಯಿಯೇ ಮೊದಲ ಗುರು. ಮಾಸ್ಕೋದ ಸಂಗೀತ ಮಹಾವಿದ್ಯಾಲಯದಲ್ಲಿ ಪಾಬ್ಸ್ಟ್, ಸಫೋನೊವ್‌ರಂಥ ಘಟಾನುಘಟಿಗಳ ಬಳಿ ಕಲಿತು ಇಪ್ಪತ್ತನೇ ವಯಸ್ಸಿಗೆ, 1900ರಲ್ಲಿ, ಆಂಟನ್ ರೂಬಿನ್‌ಸ್ಟೈನ್ ಬಹುಮಾನದೊಂದಿಗೆ ಹೊರಬಂದ. ಯುರೋಪಿನ ವೇದಿಕೆಗಳು ಕಾಯುತ್ತಿದ್ದವು. ಸಿದ್ಧವಾಗಿದ್ದ ಸಂಚಾರವನ್ನು ಬಿಟ್ಟು, ತಾನು ಸಂಗೀತ ರಚಿಸುತ್ತೇನೆ ಎಂದು ಮನೆಯಲ್ಲಿ ಕೂತ. ಆಮೇಲೂ ವೇದಿಕೆ ಏರಿದ್ದುಂಟು, ಆದರೆ ನುಡಿಸುತ್ತಿದ್ದದ್ದು ಹೆಚ್ಚಾಗಿ ತನ್ನ ರಚನೆಗಳನ್ನು, ಇಲ್ಲವೇ ತಾನು ಪೂಜಿಸುತ್ತಿದ್ದ ಬೇಥೋವನ್‌ನನ್ನು.

ಆತನ ಹಟಕ್ಕೆ ಒಂದು ಪ್ರಸಂಗ ಸಾಕು. 1910ರಲ್ಲಿ ಮಾಸ್ಕೋದಲ್ಲಿ ಬೇಥೋವನ್‌ನ ನಾಲ್ಕನೇ ಪಿಯಾನೊ ಕನ್ಸರ್ಟೊದ ತಾಲೀಮು. ಕನ್ಸರ್ಟೊ ಎಂದರೆ ಒಬ್ಬ ಮುಖ್ಯ ವಾದಕನೂ ದೊಡ್ಡ ವಾದ್ಯವೃಂದವೂ ಎದುರುಬದುರು ನಿಂತು, ಒಬ್ಬರ ಮಾತಿಗೊಬ್ಬರು ಓಗೊಡುತ್ತ ಸಾಗುವ ರಚನೆ. ವೃಂದವನ್ನು ನಡೆಸುತ್ತಿದ್ದವರು ಯುರೋಪೆಲ್ಲ ಹೆಸರುಮಾಡಿದ್ದ ಡಚ್ ನಿರ್ದೇಶಕ ವಿಲೆಮ್ ಮೆಂಗೆಲ್‌ಬರ್ಗ್. ಕಾಲಪ್ರಮಾಣದ ಬಗ್ಗೆ ಇಬ್ಬರಿಗೂ ಜಟಾಪಟಿಯಾಯಿತು. ಮೆಟ್ನರ್ ಪಿಯಾನೊ ಮುಂದಿನಿಂದ ಎದ್ದು ಹೊರಟೇಬಿಟ್ಟ. ಬೇಥೋವನ್‌ನ ಕಾಲವನ್ನು ಕೆಡಿಸಿಕೊಂಡು ನುಡಿಸುವುದು ಅವನಿಂದಾಗದ ಕೆಲಸ.

ಇಂಥವರಿಗೆ ಲೋಕ ಸುಲಭವಾಗಿ ಒಲಿಯುವುದಿಲ್ಲ. ಕ್ರಾಂತಿಯ ನಂತರ, 1921ರಲ್ಲಿ, ಮೆಟ್ನರ್ ರಷ್ಯ ಬಿಟ್ಟ. ಜರ್ಮನಿಯಲ್ಲಿ ಬಾಳಿ ನೋಡಿದ, ಫ್ರಾನ್ಸಿನಲ್ಲಿ ಬಾಳಿ ನೋಡಿದ, ಎರಡೂ ಕಡೆ ಹೊಸ ಬಗೆಯ ಸಂಗೀತದ ಅಬ್ಬರ. ಇವನ ಸಂಗೀತ ಹಳೆಯದೆಂದು ಅಲ್ಲಿನವರು ತಲೆಗೆ ಹಾಕಿಕೊಳ್ಳಲಿಲ್ಲ. ಗೆಳೆಯ ಸೆರ್ಗೇ ರಾಖ್ಮಾನಿನೊಫ್ ಮಾತ್ರ ಕೈಬಿಡಲಿಲ್ಲ. ನಮ್ಮ ಕಾಲದ ಅತಿ ದೊಡ್ಡ ರಚನಕಾರ ನೀನೇ ಎಂದು ಮೆಟ್ನರ್‌ಗೆ ಹೇಳಿದ್ದ ಆತ 1924ರಲ್ಲಿ ಅಮೆರಿಕದ ಸಂಚಾರ ಏರ್ಪಡಿಸಿಕೊಟ್ಟ. ತನ್ನ ನಾಲ್ಕನೇ ಕನ್ಸರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದ, ಮೆಟ್ನರ್ ತನ್ನ ಎರಡನೆಯದನ್ನು ಅವನಿಗೆ ಅರ್ಪಿಸಿದ. ಸಂಗೀತದ ನಿಯಮಗಳು ಶಾಶ್ವತ, ಅವನ್ನು ಮುರಿಯುವುದೇ ಹೊಸತನವಲ್ಲ ಎಂದು ವಾದಿಸಿ ಮೆಟ್ನರ್ ಬರೆದ ‘ಮ್ಯೂಸ್ ಅಂಡ್ ದ ಫ್ಯಾಷನ್’ ಪುಸ್ತಕವನ್ನು 1935ರಲ್ಲಿ ಅಚ್ಚುಹಾಕಿಸಿದ್ದೂ ರಾಖ್ಮಾನಿನೊಫ್‌ನ ಪ್ರಕಾಶನ ಸಂಸ್ಥೆಯೇ.

1936ರಲ್ಲಿ ಮೆಟ್ನರ್ ದಂಪತಿ ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನಲ್ಲಿ ನೆಲೆ ನಿಂತರು. ಪಾಠ ಹೇಳುವುದು, ಒಂದಿಷ್ಟು ಕಛೇರಿ, ಉಳಿದ ಹೊತ್ತೆಲ್ಲ ಬರವಣಿಗೆ. ಮೂರು ವರ್ಷಕ್ಕೆ ಯುದ್ಧ ಶುರುವಾಯಿತು. ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. ಬಾಂಬು ಬೀಳುವ ಲಂಡನ್ ಬಿಟ್ಟು ಶಿಷ್ಯೆ, ಪಿಯಾನೊ ವಾದಕಿ ಎಡ್ನಾ ಐಲ್ಸ್‌ಳ ಕುಟುಂಬದ ಆಶ್ರಯಕ್ಕೆ ವಾರಿಕ್‌ಷೈರಿಗೆ ಹೋದರು. 1942ರಲ್ಲಿ ಹೃದಯಾಘಾತವಾಯಿತು. ಆ ಸ್ಥಿತಿಯಲ್ಲೇ ಮೆಟ್ನರ್ ಮೂರನೇ ಪಿಯಾನೊ ಕನ್ಸರ್ಟೊ ಬರೆದು ಮುಗಿಸಿ, 1944ರ ಫೆಬ್ರವರಿ 19ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ತಾನೇ ನುಡಿಸಿದ. ಏಡ್ರಿಯನ್ ಬೋಲ್ಟ್ ವೃಂದವನ್ನು ನಡೆಸಿದರು. ವಯಸ್ಸು ಅರವತ್ತನಾಲ್ಕು. ರಾಖ್ಮಾನಿನೊಫ್ ಹಿಂದಿನ ವರ್ಷವೇ ಅಮೆರಿಕದಲ್ಲಿ ತೀರಿಕೊಂಡಿದ್ದ. ಹದಿನಾಲ್ಕು ಪಿಯಾನೊ ಸೊನಾಟಾ (ವೃಂದವಿಲ್ಲದೆ ಒಬ್ಬರೇ ನುಡಿಸುವ ದೊಡ್ಡ ರಚನೆ), ಮೂರು ಕನ್ಸರ್ಟೊ, ನೂರಕ್ಕೂ ಮಿಕ್ಕ ಹಾಡು ರಚಿಸಿದವನ ಸಂಗೀತವನ್ನು ಕೇಳಲು ಹೊರಟವರಿಗೆ ಅಂಗಡಿಯಲ್ಲಿ ಆಗ ಸಿಗುತ್ತಿದ್ದ ಗ್ರಾಮೊಫೋನ್ ಪ್ಲೇಟುಗಳು ಬೆರಳೆಣಿಕೆಯವು.

ಯುದ್ಧ ಮುಗಿದ ಮೇಲೆ ಮೈಸೂರಿನಿಂದ ನೆರವು ಬಂತು. ಅದು ಬರಿಯ ಬಹುಮಾನವಲ್ಲ, ಮಾಸಾಶನವೂ ಅಲ್ಲ. ನಿಮ್ಮ ಕೃತಿಗಳನ್ನೆಲ್ಲ ನಿಮ್ಮ ಕೈಯಲ್ಲೇ ಧ್ವನಿಮುದ್ರಿಸೋಣ, ಖರ್ಚು ನನ್ನದು ಎಂಬ ಆಹ್ವಾನ. ಅದಕ್ಕಾಗಿ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು. ಧ್ವನಿಮುದ್ರಣದ ಹೊಣೆ ಎಚ್‌ಎಂವಿ ಕಂಪೆನಿಯದು. 1947ರಲ್ಲಿ ಮೂರೂ ಕನ್ಸರ್ಟೊಗಳು ಮುದ್ರಣವಾದವು. ಫಿಲ್‌ಹಾರ್ಮೋನಿಯಾ ವಾದ್ಯವೃಂದ, ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್ ನಿರ್ದೇಶನ, ಉಳಿದೆರಡಕ್ಕೆ ಇಸಾಯ್ ದೊಬ್ರೊವೆನ್.

ಅಂದು ಧ್ವನಿಮುದ್ರಣ ಎಂದರೆ ಏನೆಂಬುದನ್ನು ಫೋನಿನಲ್ಲಿ ಹಾಡು ಕೇಳುವ ನಾವು ನೆನಪಿಸಿಕೊಳ್ಳಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟು. ಅದು ತಯಾರಾಗುತ್ತಿದ್ದುದು ಶೆಲ್ಯಾಕ್‌ನಿಂದ, ಎಂದರೆ ಹೆಚ್ಚಾಗಿ ನಮ್ಮ ದೇಶದ ಕಾಡುಗಳ ಅರಗಿನಿಂದ. ಒಂದು ಮಗ್ಗುಲಿನಲ್ಲಿ ಹಿಡಿಯುವುದು ನಾಲ್ಕೂವರೆ ನಿಮಿಷದಷ್ಟು ಸಂಗೀತ. ಮೂವತ್ತೈದು ನಿಮಿಷ ಮೀರಿದ ಮೂರನೇ ಕನ್ಸರ್ಟೊವನ್ನು ತುಂಡು ತುಂಡಾಗಿ ಒಡೆದು, ಪ್ರತಿ ತುಂಡನ್ನೂ ಒಂದೇ ಉಸಿರಿನಲ್ಲಿ ನುಡಿಸಬೇಕು. ಮೂರನೇ ನಿಮಿಷದಲ್ಲಿ ಬೆರಳು ಜಾರಿದರೆ ಮೊದಲಿನಿಂದ ಮತ್ತೆ ಶುರು. ಕತ್ತರಿಸಿ ಅಂಟಿಸುವ ಟೇಪಿನ ಸೌಲಭ್ಯ ಸ್ಟುಡಿಯೊಗಳಿಗೆ ಬಂದದ್ದು ಆಮೇಲೆ. ಅರವತ್ತೇಳರ ಹೃದ್ರೋಗಿಯೊಬ್ಬ ಹೀಗೆ ಮೂರು ಕನ್ಸರ್ಟೊಗಳನ್ನು ನುಡಿಸಿದ. ಇಂದು ಅವನ್ನು ಕೇಳಿದರೆ ಮೊದಲು ಅರಿವಿಗೆ ಬರುವುದು ಆ ಕೈಯ ಖಚಿತತೆ. ಎಲ್ಲೂ ಅವಸರವಿಲ್ಲ. ಎಡಗೈ ಮಾತಾಡುವಾಗ ಬಲಗೈ ತಗ್ಗಿ ದಾರಿ ಬಿಡುತ್ತದೆ.

ಕನ್ಸರ್ಟೊಗಳಿಗೇ ನಿಲ್ಲಲಿಲ್ಲ. ಸೊನಾಟಾಗಳು, ಪಿಟೀಲಿನೊಡನೆ ನುಡಿಸುವ ಕೃತಿ, ಹಾಡುಗಳು, ‘ಕಥೆ’ ಎಂದು ಅವನು ಹೆಸರಿಟ್ಟ ಚಿಕ್ಕ ಚಿಕ್ಕ ಪಿಯಾನೊ ರಚನೆಗಳು ದಾಖಲಾದವು. ಎರಡು ಪಿಯಾನೊಗಳಿಗಾಗಿ ಬರೆದ ರಷ್ಯನ್ ಕುಣಿತವೊಂದರಲ್ಲಿ ಜೊತೆಗಾರನಾಗಿ ಬಂದದ್ದು ಆ ಕಾಲದ ಮತ್ತೊಬ್ಬ ಮಹಾವಾದಕ ಬೆನ್ನೊ ಮೊಯ್ಸೆಯೆವಿಚ್. ಹಾಡುಗಳಿಗೆ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ದನಿಗೂಡಿಸಿದರು. ಜರ್ಮನ್ ಹಾಡಿನ ಲೋಕದಲ್ಲಿ ಮುಂದೆ ಅವರನ್ನು ಮೀರಿಸಿದವರು ಕಡಿಮೆ. ಎಲ್ಲವನ್ನೂ ದಾಖಲಿಸುವ ಗುರಿ ಪೂರ್ತಿಯಾಗಲಿಲ್ಲ. ಮೆಟ್ನರ್‌ನ ಅತಿ ದೊಡ್ಡ ಸೊನಾಟಾ ‘ನೈಟ್ ವಿಂಡ್’ ಅವನ ಕೈಯಲ್ಲಿ ಪ್ಲೇಟಿಗೆ ಇಳಿಯಲೇ ಇಲ್ಲ. 1951ರ ನವೆಂಬರ್ 13ರಂದು ಮೆಟ್ನರ್ ಲಂಡನ್ನಿನಲ್ಲಿ ಕಣ್ಣುಮುಚ್ಚಿದ. ಅಷ್ಟರೊಳಗೆ ಆದಷ್ಟು ಕೆಲಸ ಆಗಿತ್ತು. ಮೂರನೇ ಕನ್ಸರ್ಟೊವನ್ನು ಅವನು ಅರ್ಪಿಸಿದ್ದು ಮೈಸೂರಿನ ಮಹಾರಾಜರಿಗೆ. ಜಗತ್ತಿನ ಯಾವ ಮೂಲೆಯಲ್ಲಿ ಯಾರು ಆ ಸ್ವರಲಿಪಿ ತೆರೆದರೂ ಆ ಹೆಸರು ಕಾಣುತ್ತದೆ.

ಎಚ್‌ಎಂವಿಯ ಮಾತೃಸಂಸ್ಥೆ ಇಎಂಐ ಪರವಾಗಿ ಈ ಧ್ವನಿಮುದ್ರಣದ ಕೆಲಸ ನೋಡಿಕೊಂಡವರು ವಾಲ್ಟರ್ ಲೆಗ್. 1945ರಲ್ಲಿ ಫಿಲ್‌ಹಾರ್ಮೋನಿಯಾ ವೃಂದ ಕಟ್ಟಿದ ಚತುರ. ಅವರು ಮೈಸೂರಿಗೂ ಬಂದರು. ಇನ್ನೂ ಮೂವತ್ತು ತುಂಬದ ಅರಸ, ಅರಮನೆಯಲ್ಲಿ ಎಣಿಸಲಾಗದಷ್ಟು ಧ್ವನಿಮುದ್ರಿಕೆಗಳು, ಸಾಲು ಸಾಲು ಧ್ವನಿವರ್ಧಕಗಳು, ಹಲವು ದೊಡ್ಡ ಪಿಯಾನೊಗಳು, ಇವನ್ನೆಲ್ಲ ಬೆರಗಿನಿಂದ ನೆನೆದು ಬರೆದಿದ್ದಾರೆ. ಅಲ್ಲಿಂದ ಹೊರಡುವಾಗ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷದ ನೆರವು ಅವರ ಕೈಯಲ್ಲಿತ್ತು. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಜಯಚಾಮರಾಜೇಂದ್ರರೇ ಮೊದಲ ಅಧ್ಯಕ್ಷರಾದರು. ಆ ಹಣದ ಬಲದಿಂದ ಲೆಗ್ ಹರ್ಬರ್ಟ್ ಫಾನ್ ಕರಾಯನ್‌ರನ್ನು ಕರೆಸಿಕೊಂಡರು. ಆಗ ಬೇಡಿಕೆಯೇ ಇಲ್ಲದಿದ್ದ ಬಲಾಕಿರೆವ್‌ನ ಸಿಂಫೊನಿ, ರುಸೆಲ್‌ನ ನಾಲ್ಕನೇ ಸಿಂಫೊನಿ ಕರಾಯನ್ ನಿರ್ದೇಶನದಲ್ಲಿ 1949ರಲ್ಲಿ ಮುದ್ರಣವಾದದ್ದು ಮೈಸೂರಿನ ಅರಸರು ಕೇಳಿದ್ದರಿಂದ.

ದುಡ್ಡು ಕೊಟ್ಟು ಸುಮ್ಮನಿರುವ ಪೋಷಕರಲ್ಲ ಇವರು. ಲೆಗ್ ಕಳಿಸಿದ ಹೊಸ ಪ್ಲೇಟುಗಳನ್ನು ಕೇಳಿ ನಿಷ್ಠುರವಾಗಿ ಅಭಿಪ್ರಾಯ ಬರೆಯುತ್ತಿದ್ದರು. ಕರಾಯನ್‌ರ ಬೇಥೋವನ್ ಐದನೇ ಸಿಂಫೊನಿ ಬಹಳ ಮೆಚ್ಚಿಗೆ. ನಿರ್ದೇಶಕ ಫುರ್ಟ್‌ವೆಂಗ್ಲರ್ ಅಂದರೆ ಗೌರವ. ಜಗತ್ತೇ ತಲೆಯ ಮೇಲೆ ಹೊತ್ತಿದ್ದ ಇನ್ನೊಬ್ಬ ನಿರ್ದೇಶಕ ಟೊಸ್ಕನೀನಿಯ ವೇಗ, ಬಿರುಸು ಮಾತ್ರ ರಾಕ್ಷಸ ಸ್ವಭಾವದ್ದು ಎಂದು ಮುಲಾಜಿಲ್ಲದೆ ಹೇಳಿದರು. ಇಂಥ ಮಾತು ಬರುವುದು ಸ್ವರಲಿಪಿ ಎದುರಿಗಿಟ್ಟು ಕೇಳಿದವರಿಂದ, ತಮ್ಮ ಬೆರಳಿನಲ್ಲಿ ಆ ಸಂಗೀತವನ್ನು ಆಡಿಸಿ ನೋಡಿದವರಿಂದ.

ಇನ್ನೊಂದು ಸಂಜೆಯನ್ನು ಹೇಳದಿದ್ದರೆ ಆಗದು. ಜರ್ಮನಿಯ ರಚನಕಾರ ರಿಚರ್ಡ್ ಸ್ಟ್ರಾಸ್ 1949ರ ಸೆಪ್ಟೆಂಬರ್‌ನಲ್ಲಿ ಎಂಬತ್ತೈದರ ವಯಸ್ಸಿನಲ್ಲಿ ತೀರಿಕೊಂಡ. ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳು ಉಳಿದಿದ್ದವು. ಅವನ್ನು ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಬೇಕೆಂಬುದು ಅವನ ಇಚ್ಛೆಯಾಗಿತ್ತು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಫ್ಲಾಗ್‌ಸ್ಟಾಡ್ ಅವನ್ನು ಮೊದಲ ಬಾರಿಗೆ ಹಾಡಿದರು. ಆ ಕಛೇರಿಗೆ 4,800 ಡಾಲರಿನ ಜಾಮೀನು ಹಣ ನಿಂತದ್ದು ಮೈಸೂರಿನಿಂದ. ಜಯಚಾಮರಾಜೇಂದ್ರರು ಹೋಗಲಾಗಲಿಲ್ಲ. ಹಾಡಿದ್ದನ್ನು ಮುದ್ರಿಸಿ, ಆ ವೇಳೆಗೆ ಸುಮಾರು 20,000 ಪ್ಲೇಟು ತುಂಬಿದ್ದ ಅವರ ಸಂಗ್ರಹಕ್ಕೆ ಹಡಗಿನಲ್ಲಿ ಕಳಿಸಿಕೊಡುವ ಏರ್ಪಾಟಾಗಿತ್ತು. ಸ್ಟ್ರಾಸ್‌ನ ಸಂಗೀತ ಮೆಟ್ನರ್‌ಗೆ ಹಿಡಿಸುತ್ತಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಒಬ್ಬನನ್ನು ಪ್ರೀತಿಸುವುದಕ್ಕಾಗಿ ಇನ್ನೊಬ್ಬನನ್ನು ದೂರ ಇಡುವ ಮನಸ್ಸು ಈ ಅರಸರದಾಗಿರಲಿಲ್ಲ.

ಒಂದು ಪ್ರಶ್ನೆ ಬಂದೇ ಬರುತ್ತದೆ, ಬರಬೇಕು ಕೂಡ. ಮೆಟ್ನರ್ ಲಂಡನ್ನಿನಲ್ಲಿ ಕನ್ಸರ್ಟೊ ಮುದ್ರಿಸುತ್ತಿದ್ದ 1947ರಲ್ಲೇ ಮೈಸೂರಿನ ಜನ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಎಂದು ಬೀದಿಗಿಳಿದಿದ್ದರು. ಜೈಲುಗಳು ತುಂಬಿದವು, ಗೋಲಿಬಾರ್‌ಗಳಾದವು. ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಅಂಥ ವರ್ಷದಲ್ಲಿ ಸಾವಿರಾರು ಮೈಲಿ ದೂರದ ಪಿಯಾನೊಗೆ ಮೈಸೂರಿನ ಹಣ ಸುರಿದದ್ದು ಸರಿಯೇ? ಅರಸೊತ್ತಿಗೆಯ ಹಣದ ಮೂಲ ರೈತನ ಬೆವರೇ ಎಂಬುದನ್ನು ಮರೆಯಲಾಗದು. ಅದನ್ನು ಒಪ್ಪಿಕೊಂಡೇ ಹೇಳಬೇಕಾದ ಮಾತಿದೆ. ಅರಮನೆಗಳ ದುಡ್ಡು ದೇಶದ ಎಷ್ಟೋ ಕಡೆ ಕಾರು, ಬೇಟೆ, ಕುದುರೆ ಜೂಜಿನಲ್ಲಿ ಗುರುತಿಲ್ಲದೆ ಕರಗಿತು. ಇಲ್ಲಿ ಅದರ ಒಂದು ಪಾಲು ಎಪ್ಪತ್ತೈದು ವರ್ಷ ದಾಟಿಯೂ ಕೇಳಲು ಸಿಗುವ ಸಂಗೀತವಾಗಿ ಉಳಿದಿದೆ. ಪ್ಲೇಟುಗಳು ಸಿಡಿಗಳಾದವು, ಸಿಡಿಗಳು ಅಂತರ್ಜಾಲಕ್ಕೆ ಬಂದವು. ಈಗ ಅದು ಎಲ್ಲರ ಸ್ವತ್ತು.

ಜಯಚಾಮರಾಜೇಂದ್ರರಿಗೆ ಮೆಟ್ನರನೇ ಯಾಕೆ ಹಿಡಿಸಿದ ಎಂಬುದು ಯೋಚಿಸತಕ್ಕ ವಿಷಯ. ಹಳೆಯ ನಿಯಮ ಮುರಿಯುತ್ತಿದ್ದ ಸ್ಟ್ರಾವಿನ್‌ಸ್ಕಿ, ಶೋನ್‌ಬರ್ಗ್‌ರ ಹೆಸರು ಮೊಳಗುತ್ತಿದ್ದ ಕಾಲ ಅದು. ರಾಗದ ಚೌಕಟ್ಟಿನೊಳಗೇ ಅಪಾರ ಸ್ವಾತಂತ್ರ್ಯ ಕಾಣುವ ಕರ್ನಾಟಕ ಸಂಗೀತದಲ್ಲಿ ಬೆಳೆದ ಕಿವಿಗೆ, ನಿಯಮ ಮುರಿಯದೆ ಹೊಸತನ್ನು ಹೇಳುವ ಮೆಟ್ನರ್ ನೆಂಟನಂತೆ ಕಂಡಿರಬೇಕು ಎಂದು ನನ್ನ ಎಣಿಕೆ. ಇದಕ್ಕೆ ಒತ್ತಾಸೆ ಅವರ ಸ್ವಂತ ರಚನೆಗಳಲ್ಲಿದೆ. ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನ ಪಡೆದ ಜಯಚಾಮರಾಜೇಂದ್ರರು ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದರು, ಅಂಕಿತ ‘ಶ್ರೀವಿದ್ಯಾ’. ಗಂಭೀರನಾಟ ರಾಗದ ‘ಶ್ರೀಜಾಲಂಧರ’ವನ್ನು ಕೇಳದ ಸಂಗೀತ ರಸಿಕರು ನಮ್ಮಲ್ಲಿ ಅಪರೂಪ. ದಿನವಿಡೀ ಬೇಥೋವನ್, ಮೆಟ್ನರ್ ಕೇಳುತ್ತಿದ್ದವರು ಬರೆದ ಆ ಕೃತಿಗಳಲ್ಲಿ ಪಾಶ್ಚಾತ್ಯ ಛಾಯೆ ಹುಡುಕಿದರೆ ಸಿಗುವುದಿಲ್ಲ. ಎರಡು ಸಂಗೀತವನ್ನೂ ಕಲಸದೆ, ಎರಡಕ್ಕೂ ಅದರದರ ಮರ್ಯಾದೆ ಕೊಟ್ಟು ಬಾಳಿದರು. ಋಗ್ವೇದವನ್ನು ಕನ್ನಡಕ್ಕೆ ತರಿಸಿದ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯ ಹಿಂದಿದ್ದವರೂ ಇವರೇ. ಸಂಗೀತ ನಾಟಕ ಅಕಾಡೆಮಿ 1966ರಲ್ಲಿ ಫೆಲೊ ಗೌರವ ಕೊಟ್ಟಿತು. 1974ರ ಸೆಪ್ಟೆಂಬರ್ 23ರಂದು, ಐವತ್ತೈದನೇ ವಯಸ್ಸಿಗೆ, ತೀರಿಕೊಂಡರು.

ಮೆಟ್ನರ್‌ನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವನ ಹೆಂಡತಿ ಆನ್ನಾ ಗಂಡನ ಕಾಗದಪತ್ರಗಳೊಡನೆ ಮಾಸ್ಕೋಗೆ ಮರಳಿದರು. ಬಿಟ್ಟು ಬಂದ ದೇಶವೇ 1959ರಿಂದ 1963ರವರೆಗೆ ಅವನ ಸಮಗ್ರ ಕೃತಿಗಳನ್ನು 12 ಸಂಪುಟಗಳಲ್ಲಿ ಅಚ್ಚುಹಾಕಿತು. ಎಮಿಲ್ ಗಿಲೆಲ್ಸ್ ಸೊನಾಟಾಗಳನ್ನು ನುಡಿಸಿದರು. ಪಿಯಾನೊ ಕೃತಿಗಳ ದೊಡ್ಡ ಭಾಗವನ್ನು ಧ್ವನಿಮುದ್ರಿಸಿದ ಆಸ್ಟ್ರೇಲಿಯಾದ ಜೆಫ್ರಿ ಟೋಜರ್ ಹುಟ್ಟಿದ್ದು ನಮ್ಮ ಮಸ್ಸೂರಿಯಲ್ಲಿ, 1954ರಲ್ಲಿ. ಕೆನಡಾದ ಮಾರ್ಕ್ ಆಂಡ್ರೆ ಹ್ಯಾಮೆಲಿನ್ ಎಲ್ಲ ಸೊನಾಟಾಗಳನ್ನೂ ಮುದ್ರಿಸಿದರು. 2015ರ ಚೈಕೊವ್‌ಸ್ಕಿ ಸ್ಪರ್ಧೆಯಲ್ಲಿ ಲುಕಾ ದೆಬಾರ್ಗ್ ಎಂಬ ಫ್ರೆಂಚ್ ಯುವಕ ನುಡಿಸಿ ಸಭೆಯನ್ನು ಸೆರೆಹಿಡಿದದ್ದು ಮೆಟ್ನರ್‌ನ ಸೊನಾಟಾ. ಇವರೆಲ್ಲ ಮೆಟ್ನರ್ ಹೇಗೆ ನುಡಿಸುತ್ತಿದ್ದ ಎಂದು ತಿಳಿಯಲು ಇಂದಿಗೂ ಹೋಗುವುದು ಮೈಸೂರಿನ ಖರ್ಚಿನಲ್ಲಿ ಆದ ಆ ಧ್ವನಿಮುದ್ರಣಗಳ ಬಳಿಗೆ.

ಅವನ್ನು ಮಾಡಿಸಿದವರು ನಮ್ಮ ರಾಜ್ಯದ ಮೊದಲ ರಾಜ್ಯಪಾಲರು. ನಮ್ಮ ಮಕ್ಕಳ ಪಾಠಪುಸ್ತಕದಲ್ಲಿ ಇದಕ್ಕೊಂದು ಪುಟ ಸಲ್ಲಬೇಕು. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ. ಜಯಚಾಮರಾಜೇಂದ್ರರ ಸಂಗ್ರಹದಲ್ಲಿ ಉಳಿದಿರುವ ಪ್ಲೇಟು, ಪತ್ರ, ಸ್ವರಲಿಪಿಗಳ ಪಟ್ಟಿ ಮಾಡಿ ವಿದ್ಯಾರ್ಥಿಗಳಿಗೆ ತೆರೆದಿಡುವ ಕೆಲಸವನ್ನು ಅದು ರಾಜಮನೆತನದವರ ಸಹಕಾರದಿಂದ ಕೈಗೆತ್ತಿಕೊಳ್ಳಲಿ. ದಸರಾ ಸಮಿತಿಯವರು ಅರಮನೆಯ ವೇದಿಕೆಗೆ ಒಂದು ಪೂರ್ಣ ವಾದ್ಯವೃಂದವನ್ನೂ ಒಬ್ಬ ಒಳ್ಳೆಯ ಪಿಯಾನೊ ವಾದಕರನ್ನೂ ಕರೆಸಿ ಮೂರನೇ ಕನ್ಸರ್ಟೊವನ್ನು ಅದು ಅರ್ಪಿತವಾದ ಊರಿನಲ್ಲೇ ನುಡಿಸುವ ವ್ಯವಸ್ಥೆ ಮಾಡಲಿ. ಅದು ಆಗುವವರೆಗೂ ಓದುಗರು ಕಾಯಬೇಕಿಲ್ಲ. ಮೆಟ್ನರ್ ನುಡಿಸಿದ 1947ರ ಧ್ವನಿಮುದ್ರಣ ಯೂಟ್ಯೂಬಿನಲ್ಲಿ ಸಿಗುತ್ತದೆ. ಮಳೆ ಬಿಟ್ಟ ಒಂದು ಸಂಜೆ ಮುಕ್ಕಾಲು ಗಂಟೆ ಬಿಡುವು ಮಾಡಿಕೊಂಡು, ನಡುವೆ ಎಲ್ಲೂ ನಿಲ್ಲಿಸದೆ, ಪೂರ್ತಿ ಕೇಳಿ.